ಬಾಣಂತಿಯ ಬಿಡುವು ಹಕ್ಕಾದ ಬಗೆ



ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಎಳೆಗೂಸು ಇದ್ದರೆ ಒಂದು ದಿನ ಅದರ ದಿನಚರಿಯನ್ನು ಗಮನಿಸಿ ನೋಡಿ. ಹುಟ್ಟಿ ತಿಂಗಳು ತುಂಬದ ಕೂಸು ದಿನದ 24 ಗಂಟೆಗಳಲ್ಲಿ ಸಾಮಾನ್ಯವಾಗಿ 8ರಿಂದ 12 ಬಾರಿ ಹಾಲು ಕುಡಿಯುತ್ತದೆ. ಅದಕ್ಕೆ ಹಗಲು ರಾತ್ರಿಗಳ ಭೇದ ತಿಳಿಯದು. ಹಾಲು ಕುಡಿಸಿ, ತೇಗು ಬರಿಸಿ, ಒದ್ದೆ ಬಟ್ಟೆ ಬದಲಿಸಿ, ತೊಟ್ಟಿಲು ತೂಗಿ ಮಲಗಿಸುವಷ್ಟರಲ್ಲಿ ಮತ್ತೆ ಹಾಲಿನ ಹೊತ್ತು ಹತ್ತಿರವಾಗಿರುತ್ತದೆ. ತಾಯಿಯ ಊಟ, ಸ್ನಾನ, ನಿದ್ದೆ ಎಲ್ಲವೂ ಇದರ ನಡುವೆಯೇ ಆಗಬೇಕು.

ಕೂಸಿನ ಈ ಅಗತ್ಯ ಸಾವಿರ ವರ್ಷಗಳ ಹಿಂದೆಯೂ ಹೀಗೆಯೇ ಇತ್ತು. ಆದರೆ ಅದನ್ನು ಪೂರೈಸಲು ತಾಯಿಗೆ ಬೇಕಾದ ಸಮಯವನ್ನು ಕೊಡುವವರು ಯಾರು? ಈ ಪ್ರಶ್ನೆಗೆ ಕಾಲಕಾಲಕ್ಕೆ ಬೇರೆ ಬೇರೆ ಉತ್ತರಗಳು ದೊರೆತಿವೆ. ರಾಜರ, ಯುದ್ಧಗಳ ಇತಿಹಾಸದಂತೆಯೇ ಇದೂ ನಾವು ಅರಿಯಬೇಕಾದ ಒಂದು ಇತಿಹಾಸ.

ನಮ್ಮ ನಾಡಿನ ಹಳೆಯ ಉತ್ತರವೆಂದರೆ ಬಾಣಂತನ. ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬುದು ರೂಢಿ. ಅಲ್ಲಿ ಅಡುಗೆ ಮಾಡಲು ಒಬ್ಬರು, ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕಲು ಇನ್ನೊಬ್ಬರು, ಸಾಂಬ್ರಾಣಿ ಹೊಗೆ ಹಾಕಲು ಅಜ್ಜಿ. ಬಾಣಂತಿಯ ಕೆಲಸ ಉಣ್ಣುವುದು, ಮಲಗುವುದು, ಹಾಲೂಡುವುದು. ಈ ಪದ್ಧತಿಯಲ್ಲಿ ದೋಷಗಳಿರಲಿಲ್ಲವೆಂದಲ್ಲ. ಗಾಳಿ ಬೆಳಕಿಲ್ಲದ ಕೋಣೆ, ಹೊಗೆ, ಮೊದಲ ಹಾಲನ್ನು ಹಿಂಡಿ ಚೆಲ್ಲುವ ತಪ್ಪು ನಂಬಿಕೆ ಇವು ತಾಯಿ ಮಗುವಿಗೆ ಕೆಡುಕನ್ನೂ ಮಾಡಿವೆ. ಅಲ್ಲದೆ ಇದು ಎಲ್ಲರಿಗೂ ದೊರೆತ ಭಾಗ್ಯವೂ ಅಲ್ಲ. ಕೂಲಿಯನ್ನೇ ನಂಬಿದ ಹೆಣ್ಣುಮಗಳು ಬದುವಿನ ಮರಕ್ಕೆ ಸೀರೆಯ ಜೋಲಿ ಕಟ್ಟಿ, ಕೂಸನ್ನು ಮಲಗಿಸಿ ಕಳೆ ಕೀಳಲು ಇಳಿಯುತ್ತಿದ್ದಳು. ಆದರೂ ಒಂದು ಮಾತು ನಿಜ. ಜೋಲಿಯಲ್ಲಿದ್ದ ಕೂಸು ಅತ್ತರೆ ಆಕೆಗೆ ಕೇಳಿಸುತ್ತಿತ್ತು.

ಗಿರಣಿಗಳು ಬಂದಾಗ ಈ ಅಳುವೂ ಕೇಳಿಸದಂತಾಯಿತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮುಂಬಯಿಯ ಬಟ್ಟೆ ಗಿರಣಿಗಳಿಗೆ ಸಾವಿರಾರು ಹೆಂಗಸರು ದುಡಿಯಲು ಬಂದರು. 1891ರ ಕಾರ್ಖಾನೆ ಕಾಯ್ದೆಯು ಹೆಂಗಸರ ದುಡಿಮೆಯನ್ನು ದಿನಕ್ಕೆ 11 ಗಂಟೆಗಳಿಗೆ ಮಿತಿಗೊಳಿಸಿತು. ಮಿತಿಯೇ 11 ಗಂಟೆ! ಅಷ್ಟು ಹೊತ್ತಿನಲ್ಲಿ ಎಳೆಗೂಸು ನಾಲ್ಕೈದು ಬಾರಿಯಾದರೂ ಹಾಲು ಕೇಳುತ್ತದೆ ಎಂಬುದನ್ನು ನೀವೇ ಲೆಕ್ಕ ಹಾಕಬಹುದು. ಹೆರಿಗೆಗೆಂದು ಮನೆಯಲ್ಲಿ ಉಳಿದರೆ ಕೂಲಿಯಿಲ್ಲ. ಕೂಲಿಯಿಲ್ಲದಿದ್ದರೆ ಒಲೆ ಉರಿಯುವುದಿಲ್ಲ.

ಆಗ ಅನೇಕ ತಾಯಂದಿರು ಹಿಡಿದ ದಾರಿಯನ್ನು ಓದಿದರೆ ಮನಸ್ಸು ಮರುಗುತ್ತದೆ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಕೂಸಿಗೆ ಅಫೀಮಿನ ಚಿಕ್ಕ ಗುಳಿಗೆ ಕೊಡುತ್ತಿದ್ದರು. ಅಫೀಮು ತಿಂದ ಕೂಸು ಅಳುವುದಿಲ್ಲ, ಹಸಿವೆಂದು ಕೇಳುವುದಿಲ್ಲ. ಮಂಪರಿನಲ್ಲಿ ಬಿದ್ದಿರುತ್ತದೆ, ದಿನದಿಂದ ದಿನಕ್ಕೆ ಸೊರಗುತ್ತದೆ. 1920ರ ದಶಕದಲ್ಲಿ ಮುಂಬಯಿಯ ಗಿರಣಿ ಹೆಂಗಸರ ಸ್ಥಿತಿಗತಿಗಳನ್ನು ವಿಚಾರಿಸಿದ ವೈದ್ಯೆಯರು ಈ ಪದ್ಧತಿ ವ್ಯಾಪಕವಾಗಿದ್ದುದನ್ನು ದಾಖಲಿಸಿದ್ದಾರೆ. ಆ ತಾಯಂದಿರು ಕ್ರೂರಿಗಳಾಗಿದ್ದರೆಂದು ತಿಳಿಯಬಾರದು. ಅವರ ಬಳಿ ಇಲ್ಲದಿದ್ದುದು ಪ್ರೀತಿಯಲ್ಲ, ಸಮಯ.

ಈ ಸಮಯವನ್ನು ಕಾನೂನಿನ ಮೂಲಕ ಕೊಡಿಸಬೇಕೆಂಬ ವಿಚಾರ ಮೊದಲನೆಯ ಮಹಾಯುದ್ಧದ ನಂತರ ಬಲಗೊಂಡಿತು. 1919ರಲ್ಲಿ ವಾಷಿಂಗ್ಟನ್ ನಗರದಲ್ಲಿ ಸೇರಿದ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಮೊದಲ ಸಮ್ಮೇಳನವು ಹೆರಿಗೆಯ ಹಿಂದೆ ಮುಂದೆ ಆರಾರು ವಾರಗಳ ಬಿಡುವು, ಕೆಲಸಕ್ಕೆ ಮರಳಿದ ಮೇಲೆ ಹಾಲೂಡಿಸಲು ದಿನಕ್ಕೆ ಎರಡು ಬಾರಿ ಅರ್ಧ ಗಂಟೆ ಎಂಬ ಒಡಂಬಡಿಕೆಯನ್ನು ಅಂಗೀಕರಿಸಿತು. ಬ್ರಿಟಿಷ್ ಆಡಳಿತದ ಭಾರತ ಅದಕ್ಕೆ ಒಪ್ಪಿಗೆ ನೀಡಲಿಲ್ಲ. ಕಾರ್ಮಿಕ ನಾಯಕ ಎನ್. ಎಂ. ಜೋಶಿಯವರು 1924ರಲ್ಲಿ ಕೇಂದ್ರ ಶಾಸನಸಭೆಯಲ್ಲಿ ಮಂಡಿಸಿದ ಮಸೂದೆಗೂ ಗೆಲುವು ದೊರೆಯಲಿಲ್ಲ.

ಗೆಲುವು ಬಂದದ್ದು ಮುಂಬಯಿ ಪ್ರಾಂತದಲ್ಲಿ. ಇಂದಿನ ಧಾರವಾಡ, ಬೆಳಗಾವಿ, ವಿಜಯಪುರ ಜಿಲ್ಲೆಗಳು ಆಗ ಆ ಪ್ರಾಂತಕ್ಕೇ ಸೇರಿದ್ದವು. 1928ರ ಜುಲೈನಲ್ಲಿ ಅಲ್ಲಿನ ವಿಧಾನ ಪರಿಷತ್ತಿನಲ್ಲಿ ಹೆರಿಗೆ ಭತ್ಯೆಯ ಮಸೂದೆ ಚರ್ಚೆಗೆ ಬಂದಾಗ ಡಾ. ಬಿ. ಆರ್. ಅಂಬೇಡ್ಕರ್ ಅದನ್ನು ಬೆಂಬಲಿಸಿ ಮಾತನಾಡಿದರು. ಹೆರಿಗೆಯ ಮುಂಚೆ ಮತ್ತು ನಂತರ ತಾಯಿಗೆ ವಿಶ್ರಾಂತಿ ದೊರೆಯುವುದು ರಾಷ್ಟ್ರದ ಹಿತಕ್ಕೆ ಸೇರಿದ್ದು. ಆಕೆಯ ದುಡಿಮೆಯಿಂದ ಲಾಭ ಪಡೆಯುವ ಮಾಲೀಕನೂ ಹೊಣೆಯಲ್ಲಿ ಪಾಲು ಹೊರಬೇಕು ಎಂಬುದು ಅವರ ವಾದದ ತಿರುಳು. 1929ರಲ್ಲಿ ಮಸೂದೆ ಕಾಯ್ದೆಯಾಯಿತು. ದೇಶದಲ್ಲಿ ಇಂಥ ಕಾಯ್ದೆ ಅದೇ ಮೊದಲು. ಕರುಣೆಯ ಮಾತಾಗಿದ್ದದ್ದು ಹಕ್ಕಿನ ಮಾತಾಯಿತು.

ಸ್ವಾತಂತ್ರ್ಯದ ನಂತರ ಈ ಹಕ್ಕು ಬೆಳೆಯಿತು. 1948ರ ಕಾರ್ಖಾನೆ ಕಾಯ್ದೆ ದೊಡ್ಡ ಕಾರ್ಖಾನೆಗಳಲ್ಲಿ ಶಿಶುಪಾಲನಾ ಕೊಠಡಿ ಇರಬೇಕೆಂದಿತು. 1961ರ ಹೆರಿಗೆ ಸೌಲಭ್ಯ ಕಾಯ್ದೆ 12 ವಾರಗಳ ವೇತನಸಹಿತ ರಜೆ ಕೊಟ್ಟಿತು. ಮಗುವಿಗೆ 15 ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ಬಿಡುವುಗಳನ್ನೂ ಸೇರಿಸಿತು. ಆದರೆ ಮಗುವಿಗೆ ಆರು ತಿಂಗಳು ತಾಯಿಯ ಹಾಲು ಮಾತ್ರ ಸಾಕು, ಬೇರೇನೂ ಬೇಡ ಎನ್ನುತ್ತದೆ ವೈದ್ಯಶಾಸ್ತ್ರ. 12 ವಾರಗಳೆಂದರೆ ಮೂರೇ ತಿಂಗಳು! 2017ರ ತಿದ್ದುಪಡಿ ಮೊದಲ ಎರಡು ಮಕ್ಕಳಿಗೆ ರಜೆಯನ್ನು 26 ವಾರಗಳಿಗೆ ಏರಿಸಿದಾಗ ಕಾನೂನಿನ ಲೆಕ್ಕ ಕೂಸಿನ ಲೆಕ್ಕಕ್ಕೆ ಸಮೀಪ ಬಂದಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ ಸೌಲಭ್ಯವನ್ನು ಸೇರಿಸಲಾಗಿದೆ.

ಹಕ್ಕು ಪುಸ್ತಕದಲ್ಲಿದ್ದರೆ ಸಾಲದು, ಅದು ಕೈಗೆ ಬರಬೇಕು. ದೆಹಲಿಯಲ್ಲಿ ರಸ್ತೆ ಕೆಲಸ ಮಾಡುತ್ತಿದ್ದ ದಿನಗೂಲಿ ಹೆಂಗಸರಿಗೆ, ಅವರು ಕಾಯಂ ನೌಕರರಲ್ಲವೆಂದು, ಹೆರಿಗೆ ರಜೆ ನಿರಾಕರಿಸಲಾಗಿತ್ತು. 2000ದ ಮಾರ್ಚ್ 8ರಂದು ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪಿತ್ತಿತು. ಗುದ್ದಲಿ ಹಿಡಿದವಳೂ ತಾಯಿಯೇ, ಕಾಯ್ದೆ ಆಕೆಗೂ ಸಲ್ಲುತ್ತದೆ ಎಂಬುದು ಅದರ ಅರ್ಥ.

ಆದರೂ ಹೊಲದ ಕೂಲಿ, ಮನೆಗೆಲಸ, ಬೀಡಿ ಕಟ್ಟುವುದು, ಬೀದಿ ವ್ಯಾಪಾರ ಇವುಗಳಲ್ಲಿ ದುಡಿಯುವ ಬಹುಪಾಲು ತಾಯಂದಿರಿಗೆ 26 ವಾರಗಳ ಸಂಬಳದ ರಜೆ ಇಂದಿಗೂ ಕನಸೇ. 2023ರಲ್ಲಿ ಕರ್ನಾಟಕ ಸರ್ಕಾರ ಘೋಷಿಸಿದ ‘ಕೂಸಿನ ಮನೆ’ ಯೋಜನೆ, ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗೆ ಗ್ರಾಮ ಪಂಚಾಯಿತಿಗಳಲ್ಲಿ ನೆರಳು ಕಲ್ಪಿಸುವ ಪ್ರಯತ್ನ. ಜೋಲಿ ಕಟ್ಟಿದ್ದ ಮರದ ಜಾಗದಲ್ಲಿ ಒಂದು ಸೂರು ಎನ್ನಬಹುದು.

ಇನ್ನು ತಂದೆ? 1961ರ ಕಾಯ್ದೆಯಲ್ಲಿ ಆತನಿಗೆ ರಜೆಯಿರಲಿಲ್ಲ. ಕೇಂದ್ರ ಸರ್ಕಾರದ ಪುರುಷ ನೌಕರರಿಗೆ 15 ದಿನಗಳ ರಜೆ ದೊರೆತದ್ದು 1997ರಲ್ಲಿ. ರಾತ್ರಿ ಎರಡು ಗಂಟೆಗೆ ಅಳುವ ಕೂಸನ್ನು ಎತ್ತಿಕೊಳ್ಳಲು ಮಾತ್ರ ಯಾವ ಕಾಯ್ದೆಯೂ ಬೇಕಿಲ್ಲ ಎಂಬುದನ್ನು ಓದುಗರಲ್ಲಿರುವ ಗಂಡುಹುಡುಗರು ನೆನಪಿಡಬೇಕು.

ಇಂದು ಮನೆಗೆ ಹೋದಾಗ ಅಮ್ಮನನ್ನೂ ಅಜ್ಜಿಯನ್ನೂ ಒಂದು ಪ್ರಶ್ನೆ ಕೇಳಿ: “ಹೆರಿಗೆಯಾದ ಎಷ್ಟು ದಿನಕ್ಕೆ ನೀವು ಮತ್ತೆ ಕೆಲಸಕ್ಕೆ ಇಳಿದಿರಿ?” ಅವರ ಉತ್ತರವನ್ನು ಬರೆದಿಡಿ. ಯಾವ ಪಠ್ಯಪುಸ್ತಕದಲ್ಲೂ ಇಲ್ಲದ ಇತಿಹಾಸದ ಒಂದು ಪುಟ ಅದು.