ದಾವೆಯ ವಜಾ

ವಾದಿ ಕೇಳಿದ ಪರಿಹಾರ ಕೊಡದೆ ನ್ಯಾಯಾಲಯ ದಾವೆಯನ್ನು ಮುಗಿಸುವುದೇ ವಜಾ. ಅದನ್ನು ಕೂಡಲೇ ಸೋಲೆಂದು ಓದುವುದು ತಪ್ಪು. ಭಾರತದ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯನ್ನೇ ನೋಡಿ: ಸಾಕ್ಷ್ಯ ತೂಗಿ ವಜಾ ಮಾಡಿದರೆ, ಅದೇ ಪಕ್ಷಕಾರರು ಅದೇ ವಿವಾದವನ್ನು ಮತ್ತೆ ಎತ್ತಲು 11ನೇ ಕಲಂ ಬಿಡದು, ವಿಚಾರಣೆಗೆ ಎರಡೂ ಕಡೆಯವರು ಗೈರಾಗಿ ವಜಾ ಆದರೆ ಕಾಲಮಿತಿಯೊಳಗೆ ಹೊಸ ದಾವೆಗೆ ದಾರಿಯುಂಟು. ಪ್ರತಿವಾದಿ ಬಂದು ವಾದಿ ಮಾತ್ರ ಬಾರದಿದ್ದರೆ ನಿಯಮ ಕಠಿಣ: ಅದೇ ವ್ಯಾಜ್ಯಕಾರಣದ ಮೇಲೆ ಹೊಸ ದಾವೆಯಿಲ್ಲ, ಗೈರಿಗೆ ತಕ್ಕ ಕಾರಣ ತೋರಿಸಿ 30 ದಿನದೊಳಗೆ ಹಳೆಯದನ್ನೇ ಮರುಸ್ಥಾಪಿಸಲು ಕೋರಬೇಕು. ಬರಿಗೈಲಿ ಮರಳಿದವರಿಗೆ ಈ ಭೇದದಿಂದ ಏನು ಎಂಬ ಆಕ್ಷೇಪ ಸಹಜವೇ. ಆದರೆ ಅವರ ಮುಂದಿನ ಹೆಜ್ಜೆಯನ್ನು ನಿರ್ಧರಿಸುವುದು ಈ ಭೇದವೇ. ಮೇಲಿನ ಹಂತದಲ್ಲೂ ಹಾಗೆಯೇ: ವಿಶೇಷ ಮೇಲ್ಮನವಿಯ ಅನುಮತಿ ಅರ್ಜಿಯನ್ನು ಕಾರಣ ಹೇಳದೆ ವಜಾ ಮಾಡಿದರೆ ಹೈಕೋರ್ಟಿನ ತೀರ್ಪನ್ನು ಒಪ್ಪಿದಂತಲ್ಲ ಎಂದು ಸುಪ್ರೀಂ ಕೋರ್ಟೇ 2000ದಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸ್ಪಷ್ಟಪಡಿಸಿದೆ. ವಜಾ ಆದೇಶ ಕೈಸೇರಿದಾಗ ಮೊದಲು ಅದರ ಕಾರಣವನ್ನೂ ತಾರೀಖನ್ನೂ ಓದಬೇಕು.