ಕರುಳಿನ ಜೀವಾಣುಗಳು ಮತ್ತು ಮಿದುಳು

ಸಂಕಟದ ಸುದ್ದಿ ಕೇಳಿದಾಗ ‘ಕರುಳು ಚುರುಕ್ಕೆಂದಿತು’ ಎನ್ನುವುದು, ಪರರ ಏಳಿಗೆಯನ್ನು ಸಹಿಸಲಾರದ್ದನ್ನು ‘ಹೊಟ್ಟೆಕಿಚ್ಚು’ ಎನ್ನುವುದು ನಮ್ಮ ನುಡಿಯ ವಾಡಿಕೆ. ಮನಸ್ಸಿಗೂ ಉದರಕ್ಕೂ ಇರುವ ಈ ನಂಟಿನಲ್ಲಿ ಕರುಳಿನ ಸೂಕ್ಷ್ಮಜೀವಿಗಳಿಗೂ ಪಾಲಿದೆ ಎಂಬುದು ವೈದ್ಯವಿಜ್ಞಾನದ ಈಚಿನ ತಿಳಿವಳಿಕೆ.

ವಯಸ್ಕನೊಬ್ಬನ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ ಎಂದು 2016ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಇವುಗಳಲ್ಲಿ ಬಹುಪಾಲು ದೊಡ್ಡ ಕರುಳಿನಲ್ಲಿವೆ. (ದೇಹದ ಜೀವಕೋಶಗಳಿಗಿಂತ ಇವು ಹತ್ತು ಪಟ್ಟು ಎಂಬ ಹಳೆಯ ಲೆಕ್ಕ ಉತ್ಪ್ರೇಕ್ಷೆಯದು.) ಅನ್ನನಾಳದಿಂದ ಗುದದವರೆಗಿನ ಜೀರ್ಣನಾಳದ ಗೋಡೆಯಲ್ಲಿ 10 ಕೋಟಿಗೂ ಮಿಕ್ಕಿ ನರಕೋಶಗಳುಂಟು. ವೇಗಸ್ ನರವು ಇವನ್ನು ಮಿದುಳಿಗೆ ಜೋಡಿಸುತ್ತದೆ. ಅದರ ಬಹುತೇಕ ತಂತುಗಳು ಸುದ್ದಿಯನ್ನು ಒಯ್ಯುವುದು ಒಡಲಿನಿಂದ ಮಿದುಳಿಗೇ. ದೇಹದ ಸೆರೊಟೋನಿನ್‌ನಲ್ಲಿ ಶೇಕಡಾ 90ರಷ್ಟು ಕರುಳಿನಲ್ಲೇ ತಯಾರಾಗುತ್ತದೆ. ಆದರೆ ಅದು ನೇರವಾಗಿ ಮಿದುಳನ್ನು ಹೊಗಲಾರದೆಂಬುದನ್ನು ಜಾಹೀರಾತುಗಳು ಹೇಳುವುದಿಲ್ಲ.

ಜಪಾನಿನ ಸಂಶೋಧಕರು 2004ರಲ್ಲಿ, ಹುಟ್ಟಿನಿಂದ ಜೀವಾಣುರಹಿತವಾಗಿ ಬೆಳೆಸಿದ ಇಲಿಗಳು ಒತ್ತಡಕ್ಕೆ ಅತಿಯಾಗಿ ಪ್ರತಿಕ್ರಿಯಿಸುವುದನ್ನು ಕಂಡರು. ಎಳವೆಯಲ್ಲೇ ಜೀವಾಣುಗಳನ್ನು ಸೇರಿಸಿದಾಗ ಈ ದೋಷ ತಗ್ಗಿತು, ತಡವಾದಾಗ ತಗ್ಗಲಿಲ್ಲ. ಇಂಥ ಇಲಿಗಳ ಪ್ರಯೋಗವನ್ನೇ ನೆಚ್ಚಿ ಪ್ರೊಬಯೋಟಿಕ್ ಮಾತ್ರೆಗಳಿಂದ ಖಿನ್ನತೆ ನೀಗುವುದೆಂದು ಸಾರುವುದು ಅವಸರದ ಮಾತು.

ಮನುಷ್ಯರಲ್ಲಿ ಸಂದೇಹಕ್ಕೆಡೆಯಿಲ್ಲದೆ ಸಿದ್ಧವಾಗಿರುವ ನಿದರ್ಶನ ಯಕೃತ್ತಿನ ರೋಗದ್ದು. ಕರುಳಿನ ಬ್ಯಾಕ್ಟೀರಿಯಾಗಳು ಪ್ರೋಟೀನು ಮತ್ತು ಯೂರಿಯಾವನ್ನು ಒಡೆದು ಅಮೋನಿಯಾವನ್ನು ಹುಟ್ಟಿಸುತ್ತವೆ. ಆರೋಗ್ಯವಂತ ಯಕೃತ್ತು ಅದನ್ನು ನಿರಪಾಯಗೊಳಿಸುತ್ತದೆ. ಸಿರೋಸಿಸ್ ಆದವರಲ್ಲಿ ಅಮೋನಿಯಾ ರಕ್ತದಲ್ಲಿ ಸೇರಿ ಮಿದುಳನ್ನು ಬಾಧಿಸುತ್ತದೆ. ಹಗಲು ತೂಕಡಿಕೆ, ರಾತ್ರಿ ಎಚ್ಚರ, ಕೈಬರಹ ಕೆಡುವುದು, ಮಾತಿನಲ್ಲಿ ಗೊಂದಲ, ಚಾಚಿದ ಕೈಗಳು ರೆಕ್ಕೆಯಂತೆ ಬಡಿಯುವುದು ಇದರ ಲಕ್ಷಣಗಳು. ಮುಂದುವರಿದರೆ ಪ್ರಜ್ಞೆಯೂ ತಪ್ಪಬಹುದು. ಮನೆಯವರು ಇದನ್ನು ಮುಪ್ಪಿನ ಮರೆವೆಂದು ಬಗೆದು ಸುಮ್ಮನಿರುವುದುಂಟು. ಮಲಬದ್ಧತೆ, ಸೋಂಕು, ಜೀರ್ಣನಾಳದ ರಕ್ತಸ್ರಾವಗಳು ಇದನ್ನು ಕೆರಳಿಸುತ್ತವೆ. ವೈದ್ಯರು ಕೊಡುವ ಲ್ಯಾಕ್ಟುಲೋಸ್ ಎಂಬ ಸಿಹಿ ದ್ರಾವಣವನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಆಮ್ಲವಾಗಿ ಮಾರ್ಪಡಿಸುತ್ತವೆ. ಆಗ ಅಮೋನಿಯಾ ರಕ್ತಕ್ಕೆ ಸೇರದೆ ಮಲದೊಡನೆ ಹೊರಬೀಳುತ್ತದೆ. ದಿನಕ್ಕೆ ಎರಡು ಮೂರು ಬಾರಿ ಮೆತ್ತಗಿನ ಮಲವಿಸರ್ಜನೆ ಆಗುವಂತೆ ಪ್ರಮಾಣವನ್ನು ಹೊಂದಿಸುವುದು ರೂಢಿ. ಬರಿಯ ಭೇದಿಯ ಮದ್ದೆಂದು ತಿಳಿದು ಇದನ್ನು ತಾವಾಗಿಯೇ ನಿಲ್ಲಿಸಿದರೆ ರೋಗಿ ಮತ್ತೆ ಮಂಪರಿಗೆ ಜಾರಬಹುದು. ಮರುಕಳಿಸುವವರಿಗೆ ರಿಫಾಕ್ಸಿಮಿನ್ ಎಂಬ ಪ್ರತಿಜೀವಕವನ್ನೂ ಕೊಡುವರು.

ಪಾರ್ಕಿನ್ಸನ್ ರೋಗದ ಕಥೆ ಇಷ್ಟು ನಿಚ್ಚಳವಲ್ಲ. 1817ರಲ್ಲಿ ಆ ರೋಗವನ್ನು ವರ್ಣಿಸಿದ ಜೇಮ್ಸ್ ಪಾರ್ಕಿನ್ಸನ್ ರೋಗಿಗಳ ಮಲಬದ್ಧತೆಯನ್ನೂ ಗುರುತಿಸಿದ್ದನು. ಕೆಲವರಲ್ಲಿ ಇದು ಕೈನಡುಕಕ್ಕಿಂತ ಹಲವು ವರ್ಷ ಮುಂಚೆಯೇ ತೋರುತ್ತದೆ. ರೋಗವು ಕರುಳಿನಲ್ಲಿ ಮೊದಲಾಗಿ ವೇಗಸ್ ನರದ ಮೂಲಕ ಮಿದುಳಿಗೆ ಏರಬಹುದೆಂದು ಜರ್ಮನಿಯ ಹೈಕೊ ಬ್ರಾಕ್ 2003ರಲ್ಲಿ ಊಹೆಯನ್ನು ಮುಂದಿಟ್ಟರು. 2016ರಲ್ಲಿ ಅಮೆರಿಕದ ಕ್ಯಾಲ್ಟೆಕ್‌ನಲ್ಲಿ, ಇಂಥ ದೋಷಕ್ಕೆ ಒಳಗಾಗುವಂತೆ ಬೆಳೆಸಿದ ಇಲಿಗಳಿಗೆ ರೋಗಿಗಳ ಕರುಳಿನ ಜೀವಾಣುಗಳನ್ನು ಸೇರಿಸಿದಾಗ ಚಲನೆಯ ದೋಷ ಹೆಚ್ಚಿತು. ಹಾಗೆಂದು ಮಲಬದ್ಧತೆಯುಳ್ಳವರೆಲ್ಲ ಬೆದರಬೇಕಿಲ್ಲ. ಅವರಲ್ಲಿ ಬಹುಪಾಲು ಜನರಿಗೆ ಪಾರ್ಕಿನ್ಸನ್ ರೋಗ ಬರುವುದೇ ಇಲ್ಲ.