ಬಹುಮತ ಎಣಿಸುವ ಜಾಗ

ನಮ್ಮ ಕುಂದಗೋಳದ ಹಿರಿಯರಲ್ಲಿ ಕೆಲವರಿಗೆ 1967ರ ಚುನಾವಣೆ ಇನ್ನೂ ನೆನಪಿರಬಹುದು. ಆ ಸಲ ಅಲ್ಲಿಂದ ಪಕ್ಷೇತರರಾಗಿ ಗೆದ್ದು ವಿಧಾನಸಭೆಗೆ ಹೋದವರು ಎಸ್.ಆರ್. ಬೊಮ್ಮಾಯಿ. 1988ರ ಆಗಸ್ಟ್ 13ರಂದು ಅವರು ರಾಜ್ಯದ ಮುಖ್ಯಮಂತ್ರಿಯಾದರು.

ಎಂಟು ತಿಂಗಳು ಕಳೆಯುವಷ್ಟರಲ್ಲಿ 19 ಶಾಸಕರು ಬೆಂಬಲ ಹಿಂದೆಗೆದಿದ್ದಾರೆಂಬ ಪತ್ರಗಳು ರಾಜ್ಯಪಾಲರ ಕೈಸೇರಿದವು. ಅವರಲ್ಲಿ ಏಳು ಮಂದಿ, ತಮ್ಮಿಂದ ತಪ್ಪು ತಿಳಿವಳಿಕೆ ಕೊಟ್ಟು ಸಹಿ ಪಡೆಯಲಾಗಿದೆ, ನಾವು ಸರ್ಕಾರದ ಜೊತೆಗೇ ಇದ್ದೇವೆ ಎಂದು ಬರೆದುಕೊಟ್ಟರು. ಸದನದಲ್ಲಿ ಬಹುಮತ ಸಾಬೀತು ಮಾಡುತ್ತೇನೆ, ಬೇಕಿದ್ದರೆ ಅಧಿವೇಶನವನ್ನೇ ಮುಂಚಿತವಾಗಿ ಕರೆಯುತ್ತೇನೆ ಎಂದು ಬೊಮ್ಮಾಯಿ ಹೇಳಿದರು. ಆ ಅವಕಾಶ ಸಿಗಲಿಲ್ಲ. 1989ರ ಏಪ್ರಿಲ್ 21ರಂದು ರಾಷ್ಟ್ರಪತಿ ಆಳ್ವಿಕೆ ಬಂತು.

ಬೊಮ್ಮಾಯಿಯವರು ನ್ಯಾಯಾಲಯದ ಬಾಗಿಲು ತಟ್ಟಿದರು. ಹೈಕೋರ್ಟಿನಲ್ಲಿ ಸೋತರು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಆ ವಜಾವನ್ನು ಸಂವಿಧಾನಬಾಹಿರ ಎಂದಿತು. ಹೋದ ಕುರ್ಚಿ ತಿರುಗಿ ಬರಲಿಲ್ಲ. ಆದರೆ ದೇಶಕ್ಕೆಲ್ಲ ಒಂದು ನಿಯಮ ಸಿಕ್ಕಿತು: ಸರ್ಕಾರಕ್ಕೆ ಬಹುಮತ ಇದೆಯೋ ಇಲ್ಲವೋ ಎಂಬುದು ತೀರ್ಮಾನವಾಗಬೇಕಾದದ್ದು ಸದನದಲ್ಲಿ, ರಾಜಭವನದ ಕೋಣೆಯಲ್ಲಲ್ಲ.

ಈ ತೀರ್ಪನ್ನು ನಾವು ಕಾನೂನಿನ ಮಾತೆಂದಷ್ಟೇ ಓದಬಾರದು. ಎದುರಾಳಿಯನ್ನು ಎದುರಿಗೆ ಕೂರಿಸಿ, ಅವನ ಮಾತು ಕೇಳಿ, ಆಮೇಲೆ ತೀರ್ಮಾನಿಸು ಎಂಬುದೇ ಅದರ ಸಾರ. ರಾಜಕೀಯದಲ್ಲಿ ಗೌರವ ಎಂದರೆ ಇದೇ. ಹಾರ, ಶಾಲು, ನಮಸ್ಕಾರಗಳೆಲ್ಲ ಆಮೇಲಿನವು.

ಅಂಥ ಸದನ ಈಗ ಹೇಗಿದೆ? 2020ರ ಡಿಸೆಂಬರ್ 15ರಂದು ವಿಧಾನ ಪರಿಷತ್ತಿನಲ್ಲಿ ಉಪಸಭಾಪತಿಯವರನ್ನು ಪೀಠದಿಂದ ಎಳೆದು ಇಳಿಸಿದ್ದನ್ನು ನಾಡೆಲ್ಲ ಟಿವಿಯಲ್ಲಿ ನೋಡಿತು. 2025ರ ಮಾರ್ಚ್ 21ರಂದು ವಿಧಾನಸಭಾಧ್ಯಕ್ಷ ಯು.ಟಿ. ಖಾದರ್ ಅವರ ಪೀಠದತ್ತ ಹರಿದ ಕಾಗದಗಳು ತೂರಿ ಬಂದವು. 18 ಶಾಸಕರು ಅಮಾನತಾದರು. ಎರಡು ಘಟನೆಗಳಲ್ಲಿ ತಪ್ಪಿದವರು ಬೇರೆ ಬೇರೆ ಪಕ್ಷದವರು. ಹಾಗಾಗಿ ಯಾವ ಪಕ್ಷವೂ ಇನ್ನೊಂದರತ್ತ ಬೆರಳು ತೋರಿಸಿ ಪಾರಾಗುವಂತಿಲ್ಲ. ಸರ್ಕಾರಿ ಗುತ್ತಿಗೆಗಳಲ್ಲಿ ಮುಸ್ಲಿಮರಿಗೆ ಶೇ. 4 ಮೀಸಲಾತಿ ನೀಡುವ ಮಸೂದೆಯೂ ಅದೇ ಮಾರ್ಚ್ 21ರ ಗದ್ದಲದಲ್ಲೇ ಅಂಗೀಕಾರವಾಯಿತು. ಆಕ್ಷೇಪ ಇದ್ದವರು ಅದನ್ನು ಸಮಾಧಾನದಿಂದ ಹೇಳಿ, ಸರ್ಕಾರ ಅದಕ್ಕೆ ಉತ್ತರ ಕೊಟ್ಟಿದ್ದರೆ ನಮಗೂ ಒಳ್ಳೆಯದಿತ್ತು, ಅವರಿಗೂ ಒಳ್ಳೆಯದಿತ್ತು.

ಗದ್ದಲದಲ್ಲಿ ಕಳೆದುಹೋಗುವುದು ನಮ್ಮದೇ ಕೆಲಸ. ಬೆಣ್ಣೆಹಳ್ಳ ಉಕ್ಕಿದರೆ ನವಲಗುಂದ, ಕುಂದಗೋಳದ ಹೊಲಗಳು ಮುಳುಗುತ್ತವೆ. ಕಳಸಾ–ಬಂಡೂರಿ ನೀರಿಗಾಗಿ ರೈತರು ವರ್ಷಗಟ್ಟಲೆ ಧರಣಿ ಕೂತರು. ಇವನ್ನು ಚರ್ಚಿಸಬೇಕಾದ ಗಂಟೆಗಳು ಬೈಗುಳದಲ್ಲಿ ಮುಗಿದರೆ ನಷ್ಟ ಶಾಸಕರಿಗಲ್ಲ, ಹೊಲದವರಿಗೆ.

ನಮ್ಮ ದೀನ್ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ವಿಶ್ವಾಸಿಗಳ ವ್ಯವಹಾರ ಶೂರಾ, ಅಂದರೆ ಪರಸ್ಪರ ಸಮಾಲೋಚನೆಯಿಂದ ನಡೆಯಬೇಕು. ಪರಸ್ಪರ ಗೇಲಿ ಮಾಡುವುದನ್ನೂ ಅಡ್ಡಹೆಸರಿಡುವುದನ್ನೂ ಸೂರಃ ಹುಜುರಾತ್ ತಡೆಯುತ್ತದೆ. ಫಿರ್‌ಔನ್‌ನಂಥ ದಬ್ಬಾಳಿಕೆಗಾರನ ಬಳಿಗೆ ಹೋಗುವಾಗಲೂ ಮೂಸಾ(ಅ) ಮತ್ತು ಹಾರೂನ್(ಅ)ರಿಗೆ ಸೌಮ್ಯವಾಗಿ ಮಾತಾಡುವಂತೆ ಆಜ್ಞೆಯಾಯಿತು. ಸೌಮ್ಯ ಮಾತೆಂದರೆ ಸತ್ಯ ಮುಚ್ಚಿಡುವುದಲ್ಲ. ಹಜ್ರತ್ ಅಬೂಬಕರ್(ರ) ಖಲೀಫರಾದಾಗ, ತಾವು ದಾರಿ ತಪ್ಪಿದರೆ ತಿದ್ದಬೇಕೆಂದು ಜನರನ್ನೇ ಕೇಳಿಕೊಂಡರು. ತಿದ್ದುವವನಿಗೆ ಧೈರ್ಯ ಬೇಕು, ತಿದ್ದಿಸಿಕೊಳ್ಳುವವನಿಗೆ ವಿನಯ ಬೇಕು.

ಸದನದ ಭಾಷೆ ಹುಟ್ಟುವುದು ನಮ್ಮ ಊರಿನ ಕಟ್ಟೆಯ ಮೇಲೆ, ಪ್ರಚಾರ ಸಭೆಯಲ್ಲಿ. ಅಭ್ಯರ್ಥಿ ಎದುರಾಳಿಯ ತಾಯಿ-ತಂದೆಯನ್ನು ಎಳೆದು ಬೈದಾಗ ನಾವು ಶಿಳ್ಳೆ ಹೊಡೆದರೆ, ಅವನು ಅದನ್ನೇ ಬೆಂಗಳೂರಿಗೆ ಒಯ್ಯುತ್ತಾನೆ. ಬೈದವನು ನಮ್ಮವನೇ ಆಗಿದ್ದರೆ ನಾವು ಇನ್ನೂ ಮೊದಲು ತಡೆಯಬೇಕು. ಗ್ರಾಮ ಪಂಚಾಯಿತಿಯಲ್ಲಿ ನಮ್ಮ ಸದಸ್ಯರಿದ್ದಾರೆ, ಜಮಾತಿನ ಕಮಿಟಿಗಳಿವೆ. ಒಬ್ಬರು ಮಾತು ಮುಗಿಸುವ ತನಕ ಇನ್ನೊಬ್ಬರು ತಾಳುವ ರೂಢಿಯನ್ನು ಅಲ್ಲಿಂದಲೇ ಶುರು ಮಾಡೋಣ.